ಎರಡನೇ ಗಂಟೆಯಾದ ಮೇಲೆ ಉಳಿದ ಮಾತು

ನನ್ನ ಮೇಜಿನ ಮೇಲೆ ಒಂದು ಎತ್ತಿನ ಕೊರಳ ಗಂಟೆ ಇದೆ. ಹಿತ್ತಾಳೆಯದು, ಒಂದು ಕಡೆ ನಗ್ಗಿದೆ. ಅದರ ಒಳಗಿನ ನಾಲಗೆ ನಾನು ಹುಟ್ಟುವ ಮೊದಲೇ ಕಳಚಿ ಬಿದ್ದು ಕಾಣೆಯಾಗಿದೆ. ಮೈಸೂರಿನ ಈ ಬಾಡಿಗೆ ಕೋಣೆಗೆ ಬಂದವರೆಲ್ಲ ಅದನ್ನು ಕೈಗೆತ್ತಿಕೊಂಡು ಅಲ್ಲಾಡಿಸುತ್ತಾರೆ, ಸದ್ದು ಬರದೆ ಪೆಚ್ಚಾಗಿ "ಕೆಟ್ಟೋಗಿದೆಯಾ?" ಎನ್ನುತ್ತಾರೆ. ಕೆಟ್ಟಿಲ್ಲ. ಅದು ಅಲ್ಲಾಡಿಸುವ ಗಂಟೆಯಲ್ಲ, ಹೊಡೆಯುವ ಗಂಟೆ. ಹೊಡೆಯಲು ಬೇಕಾದ ಸೈಕಲ್ ಕಡ್ಡಿಯೂ ಪಕ್ಕದಲ್ಲೇ ಇದೆ. ಆದರೆ ಕಳೆದ ವರ್ಷದಿಂದ ಅದನ್ನು ಹೊಡೆಯಲು ನಾನು ಯಾರನ್ನೂ ಬಿಟ್ಟಿಲ್ಲ. ನಾನೂ ಹೊಡೆದಿಲ್ಲ. ಕೊನೆಯ ಸಲ ಹೊಡೆದದ್ದು ನಾನೇ. ನಮ್ಮ ತಾತ ಮಾತನಾಡುತ್ತಿದ್ದಾಗ, ಮಾತಿನ ನಡುವೆ.

ಆ ಮಾತು ಇನ್ನೂ ಅರ್ಧಕ್ಕೇ ನಿಂತಿದೆ. ತಾತ ಈಗಿಲ್ಲ.

ಮುಂದಕ್ಕೆ ಹೋಗುವ ಮೊದಲು ನನ್ನ ವಿಷಯ ಒಂದಿಷ್ಟು ಗೊತ್ತಿರಲಿ. ನಾನು ಯಾವುದನ್ನೂ ಸುಮ್ಮನೆ ಒಪ್ಪಿಕೊಳ್ಳುವವಳಲ್ಲ. "ಇವತ್ತು ಸೆಕೆ ಜಾಸ್ತಿ" ಎಂದು ಯಾರಾದರೂ ಅಂದರೆ "ನಿನ್ನೆಗಿಂತಲೋ, ಹೋದ ವರ್ಷಕ್ಕಿಂತಲೋ?" ಎಂದು ಕೇಳದೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಹುಡುಗಿ ಎರಡೇ ತಿಂಗಳಿಗೆ ಬೇರೆ ಕೋಣೆ ಕೇಳಿ ಬರೆದುಕೊಟ್ಟಳು. ಅವಳು ಮಾಡುತ್ತಿರುವುದು ತಪ್ಪೆಂದು ನಾನು ಮೂರು ಕಾರಣ ಕೊಟ್ಟು ಸಾಧಿಸಿದೆ. ಅವಳು ಮೂರನ್ನೂ ಒಪ್ಪಿದಳು, ಒಪ್ಪಿಕೊಂಡೇ ಟ್ರಂಕು ಎತ್ತಿಕೊಂಡು ಹೋದಳು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಕಪ್ಪುಗಳೇನೋ ಬೇಕಾದಷ್ಟಿವೆ. ಊರಿನ ಮನೆಯಲ್ಲಿ ಅಜ್ಜಿ ಒಂದಕ್ಕೆ ಸಾಸಿವೆ, ಇನ್ನೊಂದಕ್ಕೆ ಮೆಂತ್ಯ ತುಂಬಿಟ್ಟಿದ್ದಾಳೆ. "ಅಂತೂ ನಿನ್ ಬಾಯಿಂದ ಅಡುಗೆಮನೆಗೂ ಒಂದು ಉಪ್ಕಾರ ಆಯ್ತು ಕಣವ್ವ" ಎನ್ನುತ್ತಾಳೆ.

ಈ ರೋಗವನ್ನು ನನಗೆ ಅಂಟಿಸಿದವರು ತಾತ.

ನಮ್ಮದು ಮಧುವನಹಳ್ಳಿ, ಕೊಳ್ಳೇಗಾಲದ ಮಗ್ಗುಲಲ್ಲೇ. ತಾತ ಊರಿಗೆಲ್ಲ ಮೇಷ್ಟ್ರು. ಕೆಲಸಕ್ಕೆ ಸೇರಿದ್ದು ಹೂಗ್ಯಂನಲ್ಲಿ, ಆಮೇಲೆ ಬಹಳ ವರ್ಷ ಹನೂರು, ಕೊನೆಗೆ ಯಳಂದೂರಿನಲ್ಲಿ ಹೆಡ್ಮಾಸ್ಟರಾಗಿ ನಿವೃತ್ತಿ. ಅಜ್ಜಿಯೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದಳು. ಆ ಕರೆಯಲ್ಲಿ ಗೌರವ ಎಷ್ಟು, ಕುಟುಕು ಎಷ್ಟು ಎಂದು ಬೇರ್ಪಡಿಸಲು ನನಗೆ ಇವತ್ತಿಗೂ ಆಗಿಲ್ಲ.

ಗಂಟೆ ನಮ್ಮ ಮನೆಯ ಕೆಂದ ಎಂಬ ಎತ್ತಿನದು. ಕೆಂದ ಸತ್ತ ಮೇಲೆ ಅಜ್ಜಿ ಅದನ್ನು ಗೂಟಕ್ಕೆ ನೇತುಹಾಕಿ, ದಿನಾ ಒಂದು ಸಲ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳಂತೆ. ತಾತ ಒಂದು ಸೋಮವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಹೂಗ್ಯಂಗೆ ಹೊರಟುಬಿಟ್ಟರು. "ನನ್ ಕೆಂದನ್ ಗಂಟೇನ ಕಾಡೂರಿನ ಐಕ್ಳ ಕೊರಳಿಗೆ ಕಟ್ಟಕ್ಕೆ ತಕಂಡೋದ್ರು" ಎಂದು ಅಜ್ಜಿ ಐವತ್ತು ವರ್ಷ ಆಡಿಕೊಂಡಳು.

ಕಟ್ಟಿದ್ದು ಮಕ್ಕಳ ಕೊರಳಿಗಲ್ಲ, ಮಾತಿಗೆ. ಆ ಶಾಲೆಯ ಅರ್ಧ ಮಕ್ಕಳ ಮನೆಮಾತು ತಮಿಳು. ಕನ್ನಡದಲ್ಲಿ ಬಾಯಿಬಿಡಿಸಲು ತಾತ ಕಂಡುಕೊಂಡ ಉಪಾಯ ಶನಿವಾರದ ಜಗಳ. ಕುರಿ ಮೇಲೋ ಕೋಳಿ ಮೇಲೋ, ಊರಿಗೆ ಬಾವಿ ಬೇಕೋ ಶಾಲೆ ಬೇಕೋ, ಹೀಗೆ ಒಂದು ವಿಷಯ. ಮೊದಲು ಮನೆಮಾತಿನಲ್ಲೇ ಕಿತ್ತಾಡಿ ಬಿಸಿಯಾಗಬೇಕು, ಆಮೇಲೆ ಅದೇ ಜಗಳವನ್ನು ಎದ್ದು ನಿಂತು ಕನ್ನಡದಲ್ಲಿ ಆಡಬೇಕು. ಆದರೆ ಆದದ್ದೇನೆಂದರೆ, ಜಮೀನು ಜೋರಾಗಿದ್ದ ಮನೆಯ ಒಬ್ಬ ಹುಡುಗ ಎದ್ದರೆ ಕೂರುತ್ತಲೇ ಇರಲಿಲ್ಲ. ಸಣ್ಣ ದನಿಯವರು ಸರದಿ ಬಾರದೆ, ಆಡಬೇಕೆಂದಿದ್ದನ್ನು ನುಂಗಿಕೊಂಡು ಮನೆಗೆ ಹೋಗುತ್ತಿದ್ದರು. ಕೆಂದನ ಗಂಟೆ ಬಂದದ್ದು ಅದಕ್ಕೆ.

ಕಾನೂನು ಇಷ್ಟೇ. ಒಂದು ಮಗ್ಗುಲು ಉಜ್ಜಿ ಬಿಳಿ ಮಾಡಿದ ಹುಣಸೆಬೀಜವನ್ನು ಎಸೆಯುವುದು. ಬಿಳಿ ಬಿದ್ದರೆ ಪರ, ಕರಿ ಬಿದ್ದರೆ ವಿರೋಧ. ನಿನಗೆ ಯಾವುದು ಇಷ್ಟ ಎಂದು ಯಾರೂ ಕೇಳುವುದಿಲ್ಲ. ಮೂರು ನಿಮಿಷ. ಮೊದಲನೇ ಗಂಟೆಗೆ ಮಾತು ಮುಗಿಸಲು ಶುರುಮಾಡಬೇಕು, ಎರಡನೇ ಗಂಟೆಗೆ ಬಾಯಿ ಮುಚ್ಚಬೇಕು. ಬಾಯಲ್ಲಿ ಅರ್ಧ ಪದವಿದ್ದರೂ ಅಲ್ಲಿಗೇ ನಿಲ್ಲಬೇಕು.

"ಎರಡ್ನೇ ಗಂಟೆ ಆದ್ಮೇಲೆ ಆಡೋ ಮಾತು ಕದ್ದಿದ್ದು ಕಣ್ ಮಗ" ಎನ್ನುತ್ತಿದ್ದರು ತಾತ. "ಅದು ನಿನ್ ಪಕ್ಕದಲ್ಲಿ ಕುಂತಿರೋ ಮಗೀನ ಟೇಮು."

ಅವರು ನಿವೃತ್ತರಾದ ಮೇಲೆ ಶಾಲೆ ನಮ್ಮ ಜಗಲಿಗೆ ಬಂತು. ಬೀದಿಯ ಮಕ್ಕಳೆಲ್ಲ ಬರುತ್ತಿದ್ದರು, ಎಲ್ಲರಿಗಿಂತ ಮೊದಲು ಕೂತು ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದವಳು ನಾನು. ನನಗೆ ಆಗ ಹನ್ನೆರಡು. ತಾತ ಪ್ರತಿ ವರ್ಷ ತಾಳುಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಿದ್ದರು. ಆ ಸಲ ನಾನು ಬಾಗಿಲಿಗೆ ಅಡ್ಡ ನಿಂತು, ದೇವರಿರುವುದಕ್ಕೆ ಸಾಕ್ಷಿ ಏನು, ಹೇಳಿ ಹೋಗಿ ಎಂದೆ. ತಾತ ಹೆಗಲ ಚೀಲ ಕೆಳಗಿಟ್ಟು ಹುಣಸೆಬೀಜ ಎಸೆದರು. ಬಿಳಿ. ದೇವರ ಪರ ಮಾತಾಡುವ ಪಾಡು ನನಗೇ ಬಂತು. ಗೆಲ್ಲುವ ಚಟ ನೋಡಿ, ನಾನು ಎಷ್ಟು ಚೆನ್ನಾಗಿ ಮಾತಾಡಿದೆನೆಂದರೆ, ಮೊರ ಹಿಡಿದು ಕೂತಿದ್ದ ಅಜ್ಜಿ ರಾಗಿ ಕೇರುವುದನ್ನು ಬಿಟ್ಟು ಕೈಮುಗಿದಳು. ನನಗೆ ಅವಮಾನದಿಂದ ಅಳು ಬಂತು. ಎರಡನೇ ಗಂಟೆ ಹೊಡೆದ ಮೇಲೆ ತಾತ ಎಂದಿನಂತೆ ಹುರಿದ ಕಡಲೆಕಾಯಿಯ ತಟ್ಟೆಯನ್ನು ನನ್ನ ಕಡೆ ಸರಿಸಿ ಕೇಳಿದರು:

"ಏನ್ ಉಳೀತು ಮಗ?"

"ಇದ್ರಲ್ಲಿ ಒಂದು ಅಕ್ಷರಾನೂ ನಾನು ನಂಬಲ್ಲ ಅನ್ನೋದು ಉಳೀತು."

ಅವರು ಮನಸಾರೆ ನಕ್ಕರು. "ಸರಿ ಬುಡು. ನಂಬೋರ ಮಾತು ಒಂದ್ಸಲ ನಿನ್ ಬಾಯಲ್ಲಿ ಉಳ್ಳಾಡ್ತಲ್ಲ, ಅಷ್ಟು ಸಾಕು."

"ಏನ್ ಉಳೀತು?" ಎಂಬ ಈ ಪ್ರಶ್ನೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತದ್ದು ಇದನ್ನೇ. ಎರಡನೇ ಗಂಟೆಯಿಂದ ತುಂಡಾದ ಮಾತು ಏನಿದೆಯೋ ಅದನ್ನು ಆಮೇಲೆ ಕಡಲೆಕಾಯಿ ಸುಲಿಯುತ್ತ ಕೇಳುವುದು, ಅದಕ್ಕೆ ಗಂಟೆ ಇಲ್ಲ, ಗಡಿಯಾರವಿಲ್ಲ. ಗಂಟೆ ಹೊಡೆದವರೇ ಕೇಳಬೇಕು. ಕೇಳದೆ ಇದ್ದರೆ ಹೇಳುವವರು ಹೇಳುವುದಿಲ್ಲ, ಅದೂ ಕಾನೂನೇ. ಎಷ್ಟೋ ಸಲ ನನ್ನ ಒಳ್ಳೆಯ ಮಾತೆಲ್ಲ ಉಳಿದದ್ದರಲ್ಲೇ ಇರುತ್ತಿತ್ತು. "ಇದ್ನೇ ಮೊದ್ಲು ಯೇಳ್ಬೇಕಿತ್ತು ಕಣವ್ವ" ಎನ್ನುತ್ತಿದ್ದರು. ನನಗೆ ಅದು ಭಾಷಣ ಕಲಿಸುವ ಒಂದು ತಂತ್ರವಾಗಿ ಕಂಡಿತ್ತು. ನನ್ನಂಥವರಿಗೆ ಎಲ್ಲವೂ ತಂತ್ರವಾಗಿಯೇ ಕಾಣುತ್ತದೆ.

ಮನೆಯ ಜಗಳಕ್ಕೂ ಅದೇ ಕಾನೂನು. ಒಂದು ಬೇಸಿಗೆ, ಬೋರಿನ ನೀರು ಯಾವ ದಿನ ಯಾರ ಕಬ್ಬಿಗೆ ಎಂದು ನಮ್ಮಪ್ಪನಿಗೂ ಚಿಕ್ಕಪ್ಪನಿಗೂ ಹತ್ತಿಕೊಂಡಿತು. ಮೂರು ವಾರ ಮಾತಿಲ್ಲ. ಒಂದೇ ಮನೆಯಲ್ಲಿ ಉಪ್ಪು ಬೇಕಾದರೂ ನನ್ನ ಮೂಲಕ ಕೇಳಿಸುತ್ತಿದ್ದರು. ತಾತ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿದರು, ಬೀಜ ಎಸೆದರು. ಅಪ್ಪ ಚಿಕ್ಕಪ್ಪನ ಪರ ಮಾತಾಡಬೇಕು, ಚಿಕ್ಕಪ್ಪ ಅಪ್ಪನ ಪರ. ನಲವತ್ತು ದಾಟಿದ ಇಬ್ಬರು ಗಂಡಸರು ಲುಂಗಿ ಸರಿಮಾಡಿಕೊಂಡು ಎದ್ದು ನಿಂತದ್ದನ್ನು ನೀವು ನೋಡಬೇಕಿತ್ತು. ಚಿಕ್ಕಪ್ಪ ಶುರುಮಾಡಿದ: ಅಣ್ಣನ ಜಮೀನು ದಿಬ್ಬದ ಮೇಲೆ, ನೀರು ಹತ್ತುವಷ್ಟರಲ್ಲಿ ಕರೆಂಟು ಹೋಗುತ್ತದೆ, ಅವನ ಸೊಂಟ ಬೇರೆ ಸರಿಯಿಲ್ಲ, ಬೆಳಗಿನ ಸರದಿ ಅವನಿಗೇ ಇರಬೇಕು. ಎರಡನೇ ಗಂಟೆ ಹೊಡೆಯಿತು. ಅಪ್ಪ ತನ್ನ ಸರದಿ ಮರೆತು ಕೂಗಿದರು:

"ಲೇ, ನನ್ ಕಷ್ಟ ಇಷ್ಟ್ ಚೆನ್ನಾಗ್ ಗೊತ್ತಿದ್ದೂವೆ ಯಾಕ್ಲಾ ಜಗಳಕ್ಕೆ ಬಂದೆ?"

"ನೀನು ಕೇಳ್ಲಿಲ್ವಲ್ಲಣ್ಣ" ಎಂದ ಚಿಕ್ಕಪ್ಪ.

ಅಂಥ ತಾತ. ಇನ್ನು ಕಳೆದ ವರ್ಷದ ಆ ದಿನಕ್ಕೆ ಬರುತ್ತೇನೆ. ಬಾರದೆ ಇರಲು ಇಷ್ಟು ಹೊತ್ತು ಸುತ್ತಿದ್ದೇನೆ ಎಂದು ನಿಮಗೆ ಆಗಲೇ ಗೊತ್ತಾಗಿರಬೇಕು.

ಹೂಗ್ಯಂ, ಹನೂರು, ಯಳಂದೂರು, ಮೂರೂ ಕಡೆಯ ಹಳೆಯ ವಿದ್ಯಾರ್ಥಿಗಳು ಸೇರಿ ಕೊಳ್ಳೇಗಾಲದ ಒಂದು ಕಲ್ಯಾಣಮಂಟಪದಲ್ಲಿ ಮೇಷ್ಟ್ರಿಗೆ ಅಭಿನಂದನೆ ಇಟ್ಟುಕೊಂಡರು. ಮುಂದಾಳತ್ವ ಶಿವಮಲ್ಲು ಅವರದು. ಹನೂರಿನಲ್ಲಿ ತಾತನ ಕೈಲಿ ಕಲಿತವರು, ಈಗ ರೇಷ್ಮೆ ಸೀರೆ ಅಂಗಡಿ ಇಟ್ಟಿದ್ದಾರೆ. ನಿರೂಪಣೆ ನನ್ನದು. ತಾತನಿಗೆ ಎಂಬತ್ತನಾಲ್ಕು. ಆಗಲೇ ಅವರಿಗೆ ಮರೆವು ಹತ್ತಿತ್ತು, ಹೇಳಿದ್ದನ್ನೇ ಹೇಳುತ್ತಿದ್ದರು. ನಾನು ಜಾಣತನ ಮಾಡಿ ಕೆಂದನ ಗಂಟೆಯನ್ನೂ ಕಡ್ಡಿಯನ್ನೂ ತಂದು ವೇದಿಕೆಯ ಮೇಜಿನ ಮೇಲೆ ಇಟ್ಟಿದ್ದೆ. ಬಂದವರೆಲ್ಲ ಅದನ್ನು ನೋಡಿ "ಅಯ್ಯೋ, ಅದೇ ಗಂಟೆ!" ಎಂದು ಫೋಟೋ ತೆಗೆಸಿಕೊಂಡರು.

ಹಾರ, ಶಾಲು, ಪೇಟ ಎಲ್ಲ ಆಗಿ ತಾತ ಮಾತಿಗೆ ನಿಂತರು. ಹತ್ತು ನಿಮಿಷ ಎಂದು ಕಾರ್ಯಕ್ರಮದ ಹಾಳೆಯಲ್ಲಿ ಬರೆದಿತ್ತು. ಅವರು ಹೂಗ್ಯಂ ಶಾಲೆಯ ಹಿತ್ತಲಿಗೆ ಆನೆ ಬಂದು, ಮಕ್ಕಳು ಬೆಳೆದಿದ್ದ ಕುಂಬಳಕಾಯಿ ತಿಂದು ಹೋದ ಕಥೆ ಹೇಳಿದರು. ಸಭೆ ನಕ್ಕಿತು. ಯಳಂದೂರಿನ ವಿಷಯಕ್ಕೆ ಹೋದವರು ತಿರುಗಿ ಹೂಗ್ಯಂಗೆ ಬಂದು ಅದೇ ಆನೆಯನ್ನು ಅದೇ ಹಿತ್ತಲಿಗೆ ಕರೆತಂದರು. ಈ ಸಲ ನಕ್ಕವರು ಕಡಿಮೆ. ಇಪ್ಪತ್ತು ನಿಮಿಷವಾಯಿತು. ಆನೆ ಮೂರನೇ ಸಲ ಬೇಲಿ ಮುರಿಯುವ ಹೊತ್ತಿಗೆ ಶಿವಮಲ್ಲು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮೇಡಮ್ಮೋರೇ, ಊಟಕ್ಕೆ ಎಲೆ ಆಕ್ಬುಟ್ಟವ್ರೆ. ಇನ್ನೂ ನಾಕ್ ಜನ ಮಾತಾಡೋರವ್ರೆ. ಮೇಷ್ಟ್ರಿಗೆ ನಾವ್ ಯೇಳಕ್ಕಾಯ್ತದಾ? ನೀವೇ ಒಸಿ..."

ನನಗೆ ತಾತನ ಬಗ್ಗೆ ನಾಚಿಕೆಯಾಗುತ್ತಿತ್ತು. ಇದನ್ನು ಬರೆಯಲು ಕಷ್ಟ, ಆದರೂ ಬರೆದಿರಲಿ. ನನ್ನನ್ನು ರೂಪಿಸಿದ ನಾಲಗೆ ಎಲ್ಲರೆದುರು ತೊಡರುತ್ತಿದೆ ಎಂದು ನಾಚಿಕೆ. ನಾನು ಕಡ್ಡಿ ತೆಗೆದುಕೊಂಡು ಗಂಟೆ ಹೊಡೆದೆ. ಡಣ್.

ಸಭೆಯೆಲ್ಲ ಹೋ ಎಂದು ನಕ್ಕಿತು. ಚಪ್ಪಾಳೆ. ತಾತನೂ ತಿರುಗಿ ನನ್ನನ್ನು ನೋಡಿ ನಕ್ಕು, ವಿದ್ಯಾರ್ಥಿಯ ಹಾಗೆ ಕೈಕಟ್ಟಿದರು. ಆಮೇಲೆ ಸಭೆಯ ಹಿಂದಿನ ಸಾಲುಗಳ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ದನಿ ಬದಲಾಯಿತು. ಆನೆ ಹೋಗಿತ್ತು. ಎಷ್ಟೋ ದಿನದಿಂದ ಕಾಣದಿದ್ದ ಹಳೆಯ ಮೇಷ್ಟ್ರು ಅಲ್ಲಿ ನಿಂತಿದ್ದರು.

"ಒಂದ್ ಮಾತು ಯೇಳ್ಬೇಕು. ನಮ್ ಹೂಗ್ಯಂ ಮಾದಮ್ಮ ಬಂದವ್ಳೆ, ಅಲ್ಲಿ ಹಿಂದ್ಗಡೆ. ನಾನು ಆ ಮಗೀಗೆ ಅವತ್ತು..."

ಡಣ್.

ನನ್ನ ಕೈ ಆಗಲೇ ಎದ್ದಿತ್ತು. ನಗು ಇನ್ನೂ ಆರಿರಲಿಲ್ಲ, ಬಿಸಿಯಿದ್ದಾಗಲೇ ಎರಡನೆಯದನ್ನೂ ಹೊಡೆದರೆ ಚೆನ್ನಾಗಿರುತ್ತದೆ ಎಂದು ಲೆಕ್ಕ ಹಾಕಿದ್ದೆ. ತಾತ ಬಾಯಿ ಮುಚ್ಚಿದರು. ತೆರೆದಿದ್ದ ತುಟಿ ಮುಚ್ಚಿದ್ದು ಮೈಕಿನಲ್ಲಿ ಕೇಳಿಸಿತು. ಸಭೆಗೆ ಕೈಮುಗಿದು ಕೂತುಬಿಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಈಗ್ಲೂ ಆ ಶಿಸ್ತು ನೋಡ್ಲಾ!" ಎಂದು ಯಾರೋ ಹೇಳಿದರು. ನಾನು ಮೈಕು ತೆಗೆದುಕೊಂಡು, ಗುರುವಿಗೆ ತಿರುಮಂತ್ರ ಎಂದೋ ಏನೋ ಒಂದು ಚುರುಕು ಮಾತು ಸೇರಿಸಿ ಮತ್ತೆ ನಗಿಸಿದೆ.

ಸಂಜೆ ನಾಲ್ಕಕ್ಕೆ ಮನೆಗೆ ಬಂದೆವು. ಕಾರಿನಲ್ಲಿ ತಾತ ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನಾನು ಶಿವಮಲ್ಲು ಕಳಿಸಿದ್ದ ವಿಡಿಯೋದಲ್ಲಿ ನನ್ನ ನಿರೂಪಣೆಯನ್ನು ನೋಡಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಜಗಲಿಗೆ ಬಂದರೆ ತಾತ ತಟ್ಟೆ ತುಂಬ ಹುರಿದ ಕಡಲೆಕಾಯಿ ಇಟ್ಟುಕೊಂಡು ಕೂತಿದ್ದರು, ಎದುರಿನ ಜಾಗ ಖಾಲಿ. ನಾನು ಬಗ್ಗಿ ಒಂದು ಹಿಡಿ ತೆಗೆದುಕೊಂಡು, ಫೋನು ನೋಡುತ್ತಲೇ ಒಳಗೆ ಹೋದೆ. ಮರುದಿನ ಬೆಳಗಿನ ಬಸ್ಸಿಗೆ ಮೈಸೂರು.

ಐದು ವಾರಕ್ಕೆ ತಾತ ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ತಿಥಿ ಮುಗಿದ ಮೇಲೆ ಅಜ್ಜಿ ಗಂಟೆಯನ್ನು ನನ್ನ ಕೈಗೆ ಕೊಟ್ಟಳು. ಕೊಡುತ್ತ, ಬೇಕೆಂದು ಚುಚ್ಚಲಿಲ್ಲ, ನೆನಪಾಗಿ ಅಂದಳು: "ಅವತ್ತು ಮಂಟಪದಿಂದ ಬಂದೋರೇ ಒಲೆ ಮುಂದೆ ಕುಂತು ತಾವೇ ಕಡ್ಲೆಕಾಯಿ ಉರುದ್ರು ಕಣವ್ವ. ನಾ ಉರ್ಕೊಡ್ತೀನಿ ಅಂದ್ರೂ ಕೇಳ್ಲಿಲ್ಲ. ಮಗ ಬತ್ತಳೆ, ಕೇಳ್ತಳೆ ಅಂದ್ರು. ಏನ್ ಕೇಳ್ತಳೆ ಅಂದೆ. ತಟ್ಟೆಗೆ ಸುರ್ಕಂಡು ಜಗಲಿಗೋದ್ರು."

ವಾದಕ್ಕೆ ಬೇಕಾದರೆ ನನ್ನ ಪರವೂ ಮಾತುಗಳಿವೆ. ಎಲೆ ಹಾಕಿತ್ತು. ನಾಲ್ಕು ಜನ ಕಾದಿದ್ದರು. ಮುಂದಿನವರ ಸಮಯ ಕದಿಯಬಾರದು ಎಂಬುದು ಅವರದೇ ಕಾನೂನು. ನಾನು ಇವನ್ನೆಲ್ಲ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಒಂದೂ ಸುಳ್ಳಲ್ಲ. ಎದುರು ಕಡೆ ಇರುವುದು ಒಂದು ತಟ್ಟೆ ಕಡಲೆಕಾಯಿ ಮಾತ್ರ, ಅದು ಏನೂ ಹೇಳುವುದಿಲ್ಲ, ನಾನು ಪ್ರತಿ ಸಲವೂ ಸೋಲುತ್ತೇನೆ.

ಆ ವಿಡಿಯೋವನ್ನು ಮತ್ತೆ ತೆಗೆದು ನೋಡಿದೆ, ಈ ಸಲ ನನ್ನನ್ನಲ್ಲ. ಎರಡನೇ ಗಂಟೆ ಹೊಡೆಯುವ ಹೊತ್ತಿಗೆ ಕ್ಯಾಮೆರಾ ಸಭೆಯ ಕಡೆ ತಿರುಗುತ್ತದೆ. ಕೊನೆಯ ಸಾಲಿನಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು ಅರ್ಧ ಎದ್ದು ನಿಂತಿದ್ದಾಳೆ. ಗಂಟೆ ಹೊಡೆದ ಕೂಡಲೇ ಕೂರುತ್ತಾಳೆ.

ಶಿವಮಲ್ಲು ಅವರನ್ನು ಕೇಳಿದೆ. "ಅವ್ರೇ ಹೂಗ್ಯಂ ಮಾದಮ್ಮ ಕಣ್ರಿ. ಅಂಗನವಾಡೀಲಿ ಟೀಚರಾಗಿದ್ರು, ಈಗ ರಿಟೇರು. ಊಟನೂ ಮಾಡ್ದೆ ಬಸ್ಸಿಗೆ ಓಗ್ಬುಟ್ರು" ಎಂದರು.

ಹನೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೂಗ್ಯಂಗೆ ಹೋದೆ. ಮಾದಮ್ಮನ ಮನೆ ಬಸ್ಸು ನಿಲ್ಲುವ ಜಾಗಕ್ಕೆ ಎದುರಿಗೇ ಇತ್ತು. ಅವರು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಮೇಷ್ಟ್ರ ಮೊಮ್ಮಗಳು ಎಂದೆ. "ಗೊತ್ತು ಕಣ್ ಮಗ, ಗಂಟೆ ಒಡುದ್ಯಲ್ಲ" ಎಂದು ನಕ್ಕು ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ನೀರು ಕುಡಿದು ಕೇಳಿದೆ. "ಅವತ್ತು ತಾತ 'ನಾನು ಆ ಮಗೀಗೆ' ಅಂತ ನಿಲ್ಲಿಸಿದ್ರಲ್ಲ. ಏನು ಹೇಳೋಕೆ ಹೊರಟಿದ್ರು?"

"ನಂಗೆಂಗ್ ಗೊತ್ತಾದ್ದು? ಅವ್ರ್ ಬಾಯಲ್ಲಿದ್ದುದ್ದು ಅವ್ರ್ ಜೊತೆಗೇ ಓಯ್ತು." ಮಾದಮ್ಮ ಎರಡು ಅವರೆಕಾಯಿ ಬಿಡಿಸಿದರು. "ನಡುದ್ದ ಬೇಕಾರೆ ಯೇಳ್ತೀನಿ. ಬಾವಿ ಮೇಲೋ ಸ್ಕೂಲ್ ಮೇಲೋ ಅಂತ ವಾದ ಇಟ್ಟಿದ್ರು. ನಂದು ಸ್ಕೂಲ್ ಪರ. ನಾನು ಎದ್ದು ಏನೇನೋ ಯೇಳ್ಕಂಡ್ ಬಂದು ಕೊನ್ಗೆ, 'ಸ್ಕೂಲೇ ಮೇಲು ಸಾ, ಆದ್ರೆ ನಾನು ನಾಳೆಯಿಂದ' ಅಂದೆ. ಅಷ್ಟಕ್ಕೆ ಡಣ್ ಅಂದ್ರು. ಕುಂತ್ಕಂಡೆ. ಎಲ್ರೂ ನಗಾಡ್ಕಂಡು ಮನಿಗೋದ್ವಿ. ಸಾಯಂಕಾಲ ಒತ್ತು ಮುಳ್ಗೋ ಮುಂಚೆ ನಮ್ಮಟ್ಟಿ ತಾವ್ ಬಂದು ನಿಂತವ್ರೆ ಮೇಷ್ಟ್ರು. ಬಂದೋರೇ, ಏನವ್ವ ಉಳೀತು ಅಂದ್ರು."

"ಏನು ಉಳಿದಿತ್ತು?"

"ನಾಳೆಯಿಂದ ನಾ ಬರಾಕಿಲ್ಲ ಸಾ, ಅಂತ. ನಮ್ಮವ್ವ ಕೂಲಿಗೋಗ್ಬೇಕು, ತಂಗೀನ ನಾನೇ ಆಡಿಸ್ಬೇಕು. ಅದ್ನೇ ಯೇಳಕ್ಕೆ ಎದ್ದಿದ್ದೆ. ಮೇಷ್ಟ್ರು, ತಂಗೀನೂ ಎತ್ಕಂಡ್ ಬಾ ಅಂದ್ರು. ಸ್ಕೂಲ್ ಜಂತೆಗೆ ಸೀರೆ ಕಟ್ಟಿ ತೊಟ್ಲು ಮಾಡುದ್ರು. ಒಂದ್ ಇದ್ದುದ್ದು ಆರಾಯ್ತು ತೊಟ್ಲು. ಪಾಠ ಮಾಡ್ತಾ ಮಾಡ್ತಾ ಅವ್ರೇ ತೂಗೋರು. ಆವತ್ನಿಂದ ಯಾರ್ ಮಾತಿನ್ ಮೇಲೆ ಗಂಟೆ ಒಡುದ್ರೂವೆ, ಆಮೇಲೆ ಏನ್ ಉಳೀತು ಅಂತ ಕೇಳ್ದೆ ಬುಡ್ತಿರ್ಲಿಲ್ಲ."

ನಾನು ತಂತ್ರ ಅಂದುಕೊಂಡಿದ್ದು ಅದು.

"ಅವತ್ತು ತಾತ ನಿಮ್ಮ ವಿಷಯ ಎಲ್ಲರ ಮುಂದೆ ಹೇಳ್ತಿದ್ರು. ನಾನು ಬಿಡ್ಲಿಲ್ಲ" ಎಂದೆ.

"ನನ್ ಎಸ್ರು ಯೇಳುದ್ರಲ್ಲ ಮಗ. ಅಷ್ಟ್ ಜನದ್ ಮುಂದೆ."

"ಆದರೆ ಏನು ಹೇಳ್ತಿದ್ರು ಅಂತ..."

"ನೀನ್ ಎಷ್ಟ್ ಸಲ ಕೇಳುದ್ರೂ ಅದು ನನ್ ತಾವಿಲ್ಲ." ಮಾದಮ್ಮ ಮೊರವನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಅವ್ರುದ್ ಬುಡು. ನಿಂದೇನ್ ಉಳೀತು? ಅದ ಯೇಳು."

ಎಷ್ಟು ವೇದಿಕೆ ಹತ್ತಿದ ಬಾಯಿ. ಈಗ ಕೈ ಮಾತ್ರ ಮೊರದಿಂದ ಒಂದು ಅವರೆಕಾಯಿ ತೆಗೆದುಕೊಂಡು ಬಿಡಿಸತೊಡಗಿತು. ರಸ್ತೆಯಲ್ಲಿ ನನ್ನ ಬಸ್ಸು ಬಂದು ನಿಂತಿತು, ಡ್ರೈವರು ಹಾರನ್ ಹೊಡೆದ. ನಾನು ಏಳಲು ಹೋದೆ. ಮಾದಮ್ಮ ನನ್ನ ಮಂಡಿಯ ಮೇಲೆ ಕೈಯಿಟ್ಟರು.

"ಅವತ್ತು ಸಂಜೆ ತಾತ ಕಡ್ಲೆಕಾಯಿ ಹುರಿದಿದ್ರು" ಎಂದು ಶುರುಮಾಡಿದೆ. "ನಾನು ಬಗ್ಗಿ ಒಂದು ಹಿಡಿ..."

ಬಸ್ಸು ಎರಡನೇ ಸಲ ಹಾರನ್ ಹೊಡೆಯಿತು. ನಾನು ಬಾಯಿ ಮುಚ್ಚಿದೆ.

ಮಾದಮ್ಮ ಡ್ರೈವರಿಗೆ ಹೋಗು ಎಂದು ಕೈಬೀಸಿದರು. "ಓಗ್ಲಿ ಬುಡು, ಇನ್ನೊಂದ್ ಬಸ್ಸು ಬತ್ತದೆ" ಎಂದರು. "ಒಂದು ಹಿಡಿ?"